ಇಲಿ ಬಿದ್ದ ಊರು

ನನ್ನ ಗೂಗಲ್ ಡ್ರೈವ್‌ನಲ್ಲಿ ಒಂದು ಸ್ಪ್ರೆಡ್‌ಶೀಟ್ ಇದೆ. ಹೆಸರು ‘ಹೊರಗಿನಿಂದ ಬಂದವರು’. ಏಳು ಕಾಲಂ, ನಲವತ್ತೊಂದು ಸಾಲು. ಹೆಸರು, ಯಾರ ಮನೆ, ಎಲ್ಲಿಂದ ಬಂದರು, ಯಾವಾಗ ಬಂದರು, ಜ್ವರ ಇದೆಯಾ, ಫೋನ್ ನಂಬರ್, ಷರಾ. ಬೆಂಗಳೂರಿನಿಂದ ಬಂದವರ ಸಾಲಿಗೆ ಹಳದಿ ಬಣ್ಣ, ಮುಂಬೈನಿಂದ ಬಂದವರಿಗೆ ಕೆಂಪು. 2020ರ ಮಾರ್ಚ್ ಕೊನೆಯಲ್ಲಿ ಶುರು ಮಾಡಿದ್ದು, ಮೇ ಮುಗಿಯೋ ಹೊತ್ತಿಗೆ ನಿಲ್ಲಿಸಿದ್ದು. ಡ್ರೈವ್ ತುಂಬಿದೆ ಅಂತ ಮೆಸೇಜ್ ಬಂದಾಗಲೆಲ್ಲ ಹಳೇ ಫೈಲುಗಳನ್ನು ಅಳಿಸುತ್ತೇನೆ. ಇದೊಂದನ್ನು ಅಳಿಸಿಲ್ಲ. ಯಾಕೆ ಅಂತ ಹೇಳಬೇಕಾದರೆ ಒಂದು ಕಾದಂಬರಿ, ಒಂದು ಹಾಳೂರು, ಒಂದಿಷ್ಟು ಹಕ್ಕಿಗಳ ವಿಷಯ ಹೇಳಬೇಕಾಗುತ್ತದೆ.

ಜನತಾ ಕರ್ಫ್ಯೂ ಮುಗಿದ ಮಾರನೇ ದಿನ, ಮಾರ್ಚ್ 23ರ ಸಂಜೆ, ಲ್ಯಾಪ್‌ಟಾಪು, ಎರಡು ಜೊತೆ ಬಟ್ಟೆ ಹಾಕಿಕೊಂಡು ಕಾರಲ್ಲಿ ಊರಿಗೆ ಬಂದುಬಿಟ್ಟೆ. ನಮ್ಮೂರು ಮದ್ದೂರು–ಮಳವಳ್ಳಿ ರಸ್ತೆಯಿಂದ ಒಳಗಿರುವ ಸಣ್ಣ ಊರು. ಅವ್ವನ ತವರು ಕೊಕ್ಕರೆ ಬೆಳ್ಳೂರು. ಬೈಕಲ್ಲಿ ಅರ್ಧ ಗಂಟೆ. ಮಾರನೇ ರಾತ್ರಿಯೇ ಲಾಕ್‌ಡೌನ್ ಘೋಷಣೆಯಾಯಿತು. ಅದಾದ ಎರಡು ದಿನಕ್ಕೆ ನಮ್ಮೂರ ಹುಡುಗರು ಊರ ಬಾಗಿಲಿಗೆ ಜಾಲಿಮುಳ್ಳು ಎಳೆದು, ಅದರ ಹಿಂದೆ ಒಂದು ಟ್ರ್ಯಾಕ್ಟರ್ ಟ್ರೇಲರ್ ಅಡ್ಡ ನಿಲ್ಲಿಸಿದರು. ಏಪ್ರಿಲ್‌ನಲ್ಲಿ ಮಳವಳ್ಳಿಯಲ್ಲಿ ಸೋಂಕು ಕಾಣಿಸಿಕೊಂಡಿದ್ದೇ ಬೇಲಿ ಇನ್ನೂ ಮೂರು ಅಡಿ ಎತ್ತರ ಆಯಿತು.

‘ಯಾರ್ ಬಂದ್ರು, ಯಾರ್ ಓದ್ರು ಅಂತ ಒಂದು ಲೆಕ್ಕ ಇರಬೇಕು ಕಣ್ಲಾ. ನೀನ್ ಬಿಇ ಓದಿರೋನು, ಒಸಿ ನೀಟಾಗಿ ಮಾಡು’ ಅಂತ ದೊಡ್ಡಪ್ಪ ಅಂದರು. ಖುಷಿಯಾಯಿತು. ಹದಿನೆಂಟಕ್ಕೆ ಊರು ಬಿಟ್ಟವನು ನಾನು. ಹಬ್ಬಕ್ಕೆ ಬಂದು ಹೋಗೋ ನೆಂಟನಂತಾಗಿದ್ದವನಿಗೆ ಊರು ಮೊದಲ ಸಲ ಒಂದು ಕೆಲಸ ಕೊಟ್ಟಿತ್ತು. ಅರ್ಧ ಗಂಟೆಯಲ್ಲಿ ಶೀಟ್ ತಯಾರು ಮಾಡಿ, ಲಿಂಕನ್ನು ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಎಲ್ಲರೂ ಹೆಬ್ಬೆರಳು ಎತ್ತಿದರು.

ಅದೇ ಹೊತ್ತಿಗೆ ಆಫೀಸಿನ ಏಳೆಂಟು ಜನ ಸೇರಿ ಭಾನುವಾರ ರಾತ್ರಿ ಎಂಟಕ್ಕೆ ವಿಡಿಯೋ ಕಾಲ್‌ನಲ್ಲಿ ಒಂದು ಪುಸ್ತಕ ಓದೋಣ ಅಂತ ಶುರು ಮಾಡಿದೆವು. ಆಲ್ಬರ್ಟ್ ಕಾಮೂನ ‘ದ ಪ್ಲೇಗ್’. 1947ರಲ್ಲಿ ಫ್ರೆಂಚಿನಲ್ಲಿ ಬಂದ ಕಾದಂಬರಿ, ಮಾರನೇ ವರ್ಷವೇ ಸ್ಟುವರ್ಟ್ ಗಿಲ್ಬರ್ಟ್ ಇಂಗ್ಲಿಷಿಗೆ ತಂದಿದ್ದರು. ಎಪ್ಪತ್ತು ವರ್ಷ ಹಳೆಯದಾದ ಆ ಪುಸ್ತಕ 2020ರಲ್ಲಿ ದೇಶದೇಶಗಳಲ್ಲಿ ಮತ್ತೆ ಖರ್ಚಾಗತೊಡಗಿತ್ತು. ನಮ್ಮೂರಲ್ಲಿ ನೆಟ್‌ವರ್ಕ್ ಸಿಗೋದು ತಾರಸಿ ಮೇಲೆ ಮಾತ್ರ. ನೀರಿನ ಟ್ಯಾಂಕಿಗೆ ಒರಗಿಕೊಂಡು, ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ಸೊಳ್ಳೆ ಹೊಡೆಯುತ್ತಾ ಅಲ್ಜೀರಿಯಾದ ಓರಾನ್ ಅನ್ನೋ ಊರಿನ ಕಥೆ ಓದಿದೆ.

ಕಥೆ ಶುರುವಾಗೋದು ಒಂದು ಇಲಿಯಿಂದ. ಏಪ್ರಿಲ್ 16ರ ಬೆಳಿಗ್ಗೆ ಡಾಕ್ಟರ್ ರಿಯೂ ತನ್ನ ಕ್ಲಿನಿಕ್ಕಿನಿಂದ ಹೊರಗೆ ಬರುವಾಗ ಕಾಲಿಗೆ ಸತ್ತ ಇಲಿ ಸಿಗುತ್ತದೆ. ಕಟ್ಟಡದ ಕಾವಲುಗಾರನಿಗೆ ಹೇಳಿದರೆ ಅವನಿಗೆ ಅವಮಾನ. ಈ ಬಿಲ್ಡಿಂಗಿನಲ್ಲಿ ಇಲಿಗಳೇ ಇಲ್ಲ, ಯಾರೋ ಹೊರಗಿನ ಹುಡುಗರು ತಂದು ಹಾಕಿದ್ದಾರೆ ಅಂತ ವಾದ ಮಾಡುತ್ತಾನೆ. ಮೊದಲು ಸಾಯೋದು ಅವನೇ. ಆಮೇಲೆ ಊರಿನ ಅಧಿಕಾರಿಗಳು ‘ಪ್ಲೇಗ್’ ಅನ್ನೋ ಪದ ಬಳಸಬೇಕೋ ಬೇಡವೋ ಅಂತ ಮೀಟಿಂಗ್ ಮಾಡುತ್ತಾರೆ. ಊರ ಬಾಗಿಲು ಮುಚ್ಚುತ್ತದೆ. ಒಳಗಿನವರು ಒಳಗೆ, ಹೊರಗಿನವರು ಹೊರಗೆ. ಪತ್ರ ಬಂದ್, ಬರೀ ಟೆಲಿಗ್ರಾಂ. ಓದುತ್ತಾ ಓದುತ್ತಾ ಇದು ಕಾದಂಬರಿಯೋ ಟಿವಿ9ನ ಬ್ರೇಕಿಂಗ್ ನ್ಯೂಸೋ ಅಂತ ಅನುಮಾನ ಬರುತ್ತಿತ್ತು.

ಮೇ ತಿಂಗಳ ಒಂದು ಭಾನುವಾರ ನನ್ನ ಸರದಿ. ವಿಷಯ: ಕಾದಂಬರಿಯ ನೈತಿಕ ಅರ್ಥ. ತಯಾರಿ ಮಾಡಿಕೊಂಡಿದ್ದೆ. ಕಾಮೂಗೆ 1957ರಲ್ಲಿ ನೊಬೆಲ್ ಬಂದಿದ್ದು, 1960ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡಿದ್ದು, ಓರಾನಿನ ಪ್ಲೇಗನ್ನು ಫ್ರಾನ್ಸನ್ನು ಆಕ್ರಮಿಸಿಕೊಂಡಿದ್ದ ನಾಜಿಗಳ ರೂಪಕವಾಗಿ ಓದಬಹುದು ಅನ್ನೋದು, ಎಲ್ಲ ಹೇಳಿದೆ. ಆಮೇಲೆ ಪಾದ್ರಿ ಪನೆಲೂ ವಿಷಯಕ್ಕೆ ಬಂದೆ. ಅವನು ಚರ್ಚಿನಲ್ಲಿ ಎರಡು ಪ್ರವಚನ ಮಾಡುತ್ತಾನೆ. ಮೊದಲನೆಯದರಲ್ಲಿ, ನಿಮಗೆ ಈ ರೋಗ ಬಂದಿದ್ದು ನಿಮ್ಮ ಪಾಪಕ್ಕೆ ಅಂತ ಗುಡುಗುತ್ತಾನೆ. ಆಮೇಲೆ ನ್ಯಾಯಾಧೀಶನ ಪುಟ್ಟ ಮಗ ನರಳಿ ನರಳಿ ಸಾಯೋದನ್ನು ಹಾಸಿಗೆ ಪಕ್ಕ ನಿಂತು ಕಣ್ಣಾರೆ ನೋಡುತ್ತಾನೆ. ಅದಾದ ಮೇಲಿನ ಎರಡನೇ ಪ್ರವಚನದಲ್ಲಿ ಅವನ ಬಾಯಲ್ಲಿ ‘ನೀವು’ ಇಲ್ಲ, ‘ನಾವು’ ಬಂದಿದೆ. ಇಡೀ ಕಾದಂಬರಿಯ ನೀತಿ ಈ ಒಂದು ಸರ್ವನಾಮದ ಬದಲಾವಣೆಯಲ್ಲಿದೆ ಅಂತ ಹೇಳಿದೆ. ಟೀಮ್ ಲೀಡ್ ‘ವಾವ್’ ಅಂದರು. ಒಂಬತ್ತೂವರೆಗೆ ಕಾಲ್ ಮುಗೀತು. ಕೆಳಗಿಳಿದು ಮುದ್ದೆ ಉಂಡೆ.

ಹತ್ತೂಕಾಲಿಗೆ ಫೋನ್. ‘ಬೇಗ ಬಾರ್ಲಾ ಬೇಲಿ ತಾವಕೆ. ಬೊಂಬಾಯಿ ಪಾರ್ಟಿ ಬಂದೈತೆ.’

ಹೋದೆ. ಬೇಲಿಯ ಆಚೆ ಒಂದು ಗೂಡ್ಸ್ ಗಾಡಿ ಇಳಿಸಿ ಹೋಗಿದ್ದ ಮೂರು ಜನ. ನಮ್ಮೂರ ಹೆಣ್ಣುಮಗಳು, ನನಗಿಂತ ನಾಲ್ಕೈದು ವರ್ಷ ಚಿಕ್ಕವಳು, ಸ್ಕೂಲಿಗೆ ನಮ್ಮ ಹಿಂದೆ ಹಿಂದೆ ಬರುತ್ತಿದ್ದವಳು. ಅವಳ ಗಂಡ ಮುಂಬೈನ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದ. ಹೋಟೆಲ್ ಮುಚ್ಚಿ ಎರಡು ತಿಂಗಳಾಗಿತ್ತು. ಹೆಗಲ ಮೇಲೆ ಮೂರು ವರ್ಷದ ಮಗು ನಿದ್ದೆ ಹೋಗಿತ್ತು. ಆ ವಾರಗಳಲ್ಲಿ ಮಂಡ್ಯ ಜಿಲ್ಲೆಯಲ್ಲಿ ಮುಂಬೈನಿಂದ ವಾಪಸ್ ಬಂದವರಲ್ಲಿ ಸೋಂಕು ಮೇಲಿಂದ ಮೇಲೆ ಪತ್ತೆಯಾಗುತ್ತಿತ್ತು, ಕೆ.ಆರ್. ಪೇಟೆ ಕಡೆ ದಿನವೂ ಅದೇ ಸುದ್ದಿ. ಜನ ಹೆದರಿದ್ದು ಸುಳ್ಳಲ್ಲ. ಬೆಳಿಗ್ಗೆ ಗಾಡಿ ಬಂದು ಅವರನ್ನು ಕ್ವಾರಂಟೈನಿಗೆ ಕರೆದುಕೊಂಡು ಹೋಗುತ್ತದೆ, ಅಲ್ಲಿವರೆಗೂ ಬೇಲಿ ಆಚೆ ಇರುವ ಬಸ್ ಸ್ಟಾಪಿನಲ್ಲಿ ಇರಲಿ ಅಂತ ತೀರ್ಮಾನ ಆಯಿತು. ದೊಡ್ಡವರ ತೀರ್ಮಾನ, ಯಾರೂ ಎದುರಾಡಲಿಲ್ಲ.

‘ಲಿಸ್ಟಿಗೆ ಆಕಳ್ಳಾ’ ಅಂದರು. ಮೊಬೈಲ್ ತೆಗೆದೆ. ಬೇಲಿಯಿಂದ ಹತ್ತಡಿ ದೂರ ನಿಂತು ಒಂದೊಂದೇ ಕಾಲಂ ಕೇಳಿದೆ. ಎಲ್ಲಿಂದ? ಯಾವಾಗ ಹೊರಟಿರಿ? ಜ್ವರ ಏನಾದರೂ ಇದೆಯಾ? ಅವಳು ಎಲ್ಲದಕ್ಕೂ ಉತ್ತರ ಕೊಟ್ಟಳು. ಕೊನೆಗೆ, ಜಗಳದ ದನಿಯಲ್ಲಲ್ಲ, ಗೊತ್ತಿಲ್ಲದ್ದನ್ನು ಕೇಳೋ ಹಾಗೆ ಕೇಳಿದಳು: ‘ನಿನ್ ಎಸ್ರು ಎಷ್ಟನೇ ನಂಬ್ರಣ್ಣ?’

ನನಗೆ ಅರ್ಥ ಆಗಲಿಲ್ಲ. ‘ಏನು?’ ಅಂದೆ.

‘ನೀನೂವೆ ಬೆಂಗ್ಳೂರಿಂದ ಬಂದೋನಲ್ವಾ. ಲಿಸ್ಟಲ್ಲಿ ಎಷ್ಟನೇ ನಂಬ್ರು ಅಂತ.’

ಯಾರೋ ‘ಅವ್ನು ಮೊದ್ಲೇ ಬಂದಿದ್ದು ಬುಡವ್ವ’ ಅಂದರು. ನಾನು ‘ಎಲ್ಲಾರ ಒಳ್ಳೇದಕ್ಕೇ ಕನವ್ವ ಇದು’ ಅಂದೆ. ಆ ಮಾತು ಬಾಯಿಂದ ಹೊರಬಿದ್ದಾಗ ಅದು ನನ್ನ ದನಿ ಅಂತಲೇ ಅನ್ನಿಸಲಿಲ್ಲ.

ಹನ್ನೊಂದರ ಹೊತ್ತಿಗೆ ಅವಳ ಅಪ್ಪ ಒಂದು ಬಿಂದಿಗೆ ನೀರು, ಟವೆಲಿನಲ್ಲಿ ಸುತ್ತಿದ ಪಾತ್ರೆ ತಂದರು. ಬೇಲಿಯ ಪಕ್ಕದ ಸಂದಿಯಲ್ಲಿ ನುಸುಳಿ, ರಸ್ತೆ ಮಧ್ಯದಲ್ಲಿ ಇಟ್ಟು, ಹಿಂದೆ ಹಿಂದೆ ಬಂದು ನಿಂತರು. ಅಳಿಯ ಬಂದು ಎತ್ತಿಕೊಂಡು ಹೋದ. ಮಧ್ಯರಾತ್ರಿ ಮೇಲೆ ಮಳೆ ಹಿಡಿಯಿತು. ಬಸ್ ಸ್ಟಾಪಿನ ಶೀಟು ಎರಡು ಕಡೆ ತೂತು ಅಂತ ನನಗೆ ಗೊತ್ತಿತ್ತು. ನಾನು ಮನೆಯಲ್ಲಿ ಮಲಗಿ ತಾರಸಿ ಮೇಲೆ ಬೀಳೋ ಮಳೆ ಕೇಳಿಸಿಕೊಂಡೆ.

ಆ ರಾತ್ರಿ ಶೀಟ್ ತೆರೆದು ನೋಡಿದೆ. ನನ್ನ ಹೆಸರು ಇರಲಿಲ್ಲ. ಬೇಕು ಅಂತ ಬಿಟ್ಟಿದ್ದಲ್ಲ. ಮೊದಲ ಸಾಲಿನಲ್ಲಿ ಮಾರ್ಚ್ 24ಕ್ಕೆ ಬಂದ ಒಬ್ಬ ಗಾರ್ಮೆಂಟ್ಸ್ ಹುಡುಗಿಯ ಹೆಸರಿದೆ. ನಾನು ಬಂದಿದ್ದು 23ಕ್ಕೆ. ನಮ್ಮ ಕೆಲಸದಲ್ಲಿ ಅಡ್ಮಿನ್ ಅಂತ ಒಬ್ಬ ಇರುತ್ತಾನೆ. ಎಲ್ಲರ ಮೇಲಿನ ರೂಲ್ಸ್ ಅವನು ಬರೆಯುತ್ತಾನೆ, ಅವನ ಮೇಲೆ ಯಾವ ರೂಲೂ ಓಡುವುದಿಲ್ಲ. ನನಗೆ ಗೊತ್ತಿಲ್ಲದೆಯೇ ನಾನು ಊರಿಗೆ ಅಡ್ಮಿನ್ ಆಗಿಬಿಟ್ಟಿದ್ದೆ. ಇನ್ನೂ ಒಂದು ವಿಷಯ ಇದೆ. ಬಂದ ಮೊದಲೆರಡು ದಿನ ನನಗೆ ಗಂಟಲು ಕೆರೆತ ಇತ್ತು, ಮೈ ಬೆಚ್ಚಗಿತ್ತು. ಕಾರಿನ ಎಸಿ ಅಂದುಕೊಂಡು ಡೋಲೋ ನುಂಗಿ ಸುಮ್ಮನಾಗಿದ್ದೆ. ಅವ್ವನಿಗೂ ಹೇಳಿರಲಿಲ್ಲ.

ಬೆಳಿಗ್ಗೆ ಗಾಡಿ ಬಂದು ಅವರನ್ನು ಕರೆದುಕೊಂಡು ಹೋಯಿತು. ಮನೆಯಲ್ಲಿ ಇರಲಾಗಲಿಲ್ಲ. ಅಜ್ಜಿಗೆ ಮಾತ್ರೆ ಕೊಟ್ಟು ಬರ್ತೀನಿ ಅಂತ ಅವ್ವನಿಗೆ ಹೇಳಿ ಕೊಕ್ಕರೆ ಬೆಳ್ಳೂರಿಗೆ ಬೈಕ್ ತಿರುಗಿಸಿದೆ.

ಕೊಕ್ಕರೆ ಬೆಳ್ಳೂರು ಗೊತ್ತಿಲ್ಲದವರಿಗೆ ಎರಡು ಮಾತು. ಬೆಂಗಳೂರು–ಮೈಸೂರು ರಸ್ತೆಯಲ್ಲಿ ಮದ್ದೂರಿಗೆ ಮುಂಚೆ ರುದ್ರಾಕ್ಷಿಪುರದ ಹತ್ತಿರ ಎಡಕ್ಕೆ ತಿರುಗಿದರೆ ಹನ್ನೆರಡು ಕಿಲೋಮೀಟರು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಪ್ರತಿವರ್ಷ ಇಲ್ಲಿ ಬಂದು ಗೂಡು ಕಟ್ಟುತ್ತವೆ. ದೂರದ ಕಾಡಿನಲ್ಲೋ ಕೆರೆ ನಡುವಿನ ದಿಬ್ಬದಲ್ಲೋ ಅಲ್ಲ, ಊರೊಳಗೆ, ಜನರ ಹಿತ್ತಲಿನ ಹುಣಸೆ ಮರ, ಅರಳಿ ಮರಗಳ ಮೇಲೆ. ಕೆಳಗೆ ಹಸು ಕಟ್ಟಿರುತ್ತಾರೆ, ಹೆಂಗಸರು ಪಾತ್ರೆ ತೊಳೀತಿರುತ್ತಾರೆ, ಮೇಲೆ ಮರಿಗಳು ಕಿರುಚಿಕೊಳ್ಳುತ್ತಿರುತ್ತವೆ. ಮೀನಿನ ವಾಸನೆ, ಹಿಕ್ಕೆಯ ವಾಸನೆ ಊರಿಗೇ ಹಿಡಿದಿರುತ್ತದೆ. ಮರದ ಬುಡದಲ್ಲಿ ಗುಂಡಿ ತೆಗೆದು ಹಿಕ್ಕೆಯನ್ನು ಗೊಬ್ಬರ ಮಾಡಿಕೊಳ್ಳುತ್ತಾರೆ. ಹಕ್ಕಿ ಕೂತ ಮರದಲ್ಲಿ ಹುಣಸೆಹಣ್ಣು ಬಡಿಯೋ ಹಾಗಿಲ್ಲ ಅಂತ ಅರಣ್ಯ ಇಲಾಖೆ ಮರದ ಲೆಕ್ಕದಲ್ಲಿ ಪರಿಹಾರ ಕೊಡುತ್ತದೆ. ಅದು ಬರೋದಕ್ಕೆ ಎಷ್ಟೋ ಮುಂಚಿನಿಂದಲೂ ಜನ ಹಕ್ಕಿಗಳನ್ನು ಓಡಿಸಿದವರಲ್ಲ. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ್ 1976ರಲ್ಲಿ ಈ ಊರನ್ನು ಹೊರಗಿನವರ ಗಮನಕ್ಕೆ ತಂದರು. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು. ಊರವರ ಮಾತಿನಲ್ಲಿ ಈ ಹಕ್ಕಿಗಳು ಬಾಣಂತನಕ್ಕೆ ತವರಿಗೆ ಬರೋ ಹೆಣ್ಣುಮಕ್ಕಳು.

ಊರಿಗೆ ಕಾಲಿಟ್ಟಾಗ ಆ ಮಾತು ನೆನಪಾಗಿ ತಲೆ ತಗ್ಗಿಸಿಕೊಂಡೇ ಹೋದೆ. ಮೇ ತಿಂಗಳು, ಹಕ್ಕಿಗಳು ಹೊರಡೋ ಕಾಲ. ಮರಗಳಲ್ಲಿ ಬಲಿತ ಮರಿಗಳು ರೆಕ್ಕೆ ಬಡಿದು ಅಭ್ಯಾಸ ಮಾಡುತ್ತಿದ್ದವು.

ಅಜ್ಜಿಗೆ ಆಗ ಎಂಬತ್ತು ದಾಟಿತ್ತು. ಜಗಲಿ ಮೇಲೆ ಕೂತು ಅವರೆಕಾಳು ಆರಿಸುತ್ತಿದ್ದಳು. ನಾನು ಏನೂ ಹೇಳಲಿಲ್ಲ. ಅವಳೇ ಕೇಳಿದಳು: ‘ನಿಮ್ಮೂರಲ್ಲಿ ಬೇಲಿ ಆಕವ್ರಂತೆ?’ ಹೂಂ ಅಂದೆ. ‘ಆಗ್ಲೂ ಆಕಿದ್ರಂತೆ’ ಅಂದಳು. ‘ಯಾವಾಗ?’ ಅಂದೆ. ‘ಪಿಳೇಗು ಬಂದಿತ್ತಲ್ಲ, ಆಗ.’

ಕೊಕ್ಕರೆ ಬೆಳ್ಳೂರು ಮೊದಲು ಈಗಿನ ಜಾಗದಲ್ಲಿರಲಿಲ್ಲ, ಶಿಂಷಾ ನದಿ ದಂಡೆಯಲ್ಲಿತ್ತು. 1916ರ ಸುಮಾರಿಗೆ ಪ್ಲೇಗು ಬಂದು ಜನ ಹಳೇ ಊರು ಬಿಟ್ಟು ಈಗಿನ ಜಾಗಕ್ಕೆ ಬಂದರು, ಹಕ್ಕಿಗಳೂ ಅವರ ಹಿಂದೆಯೇ ಬಂದವು ಅನ್ನೋದು ಊರವರು ಹೇಳೋ ಕಥೆ. ಪಕ್ಷಿ ನೋಡಲು ಬಂದವರಿಗೆ ಎಲ್ಲರೂ ಹೇಳುತ್ತಾರೆ. ನಾನೂ ಕಾಲೇಜಿನಲ್ಲಿದ್ದಾಗ ಫ್ರೆಂಡ್ಸನ್ನು ಕರೆದುಕೊಂಡು ಬಂದು, ಜನ ಹೋದಲ್ಲಿಗೆ ಹಕ್ಕಿ ಬಂತು ನೋಡ್ರೋ ಅಂತ ಜಂಬ ಕೊಚ್ಚಿಕೊಂಡಿದ್ದೆ.

ಆ ಕಾಲಕ್ಕೆ ಪ್ಲೇಗು ನಮ್ಮ ಸೀಮೆಗೆ ಹೊಸದೇನಲ್ಲ. 1896ರಲ್ಲಿ ಬೊಂಬಾಯಿಗೆ ಬಂತು, 1898ರಲ್ಲಿ ಬೆಂಗಳೂರಿಗೆ. ನಾವು ಇವತ್ತು ಬಾಡಿಗೆ ಕೇಳಿ ಬೆಚ್ಚಿಬೀಳೋ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳಿಗೆ ಜನ ಹೋಗಿ ನೆಲೆಸಿದ್ದು ಆ ಭಯದಲ್ಲೇ. ಬೆಂಗಳೂರಿನಲ್ಲಿ ಇವತ್ತಿಗೂ ಪ್ಲೇಗ್ ಮಾರಮ್ಮನ ಗುಡಿಗಳಿವೆ. 2020ರಲ್ಲಿ ನಮ್ಮ ಲಾಕ್‌ಡೌನಿಗೆ ಬಳಸಿದ ಕಾನೂನುಗಳಲ್ಲೊಂದು ಆ ಪ್ಲೇಗಿಗಾಗಿಯೇ 1897ರಲ್ಲಿ ಬ್ರಿಟಿಷರು ಮಾಡಿದ್ದು. ಇಲಿಯ ಮೈಮೇಲಿನ ಚಿಗಟದಿಂದ ರೋಗ ಹರಡುತ್ತದೆ ಅಂತ 1898ರಲ್ಲಿ ಪಾಲ್ ಲೂಯಿ ಸಿಮಾಂಡ್ ಕರಾಚಿಯಲ್ಲಿ ಕಂಡುಕೊಂಡ. ಇಲಿ ಸತ್ತರೆ ಅದರ ಮೈ ತಣ್ಣಗಾಗುತ್ತದೆ, ಚಿಗಟ ಬಿಸಿ ರಕ್ತ ಹುಡುಕಿಕೊಂಡು ಮನುಷ್ಯನ ಮೇಲೆ ಹಾರುತ್ತದೆ. ಸಿಮಾಂಡನ ಹೆಸರು ಕೇಳಿರದ ನಮ್ಮ ಹಳ್ಳಿಗರಿಗೂ ಒಂದು ವಿಷಯ ಅನುಭವದಿಂದ ಗೊತ್ತಿತ್ತು. ಇಲಿ ಬಿದ್ದರೆ ಮನೆ ಬಿಡಬೇಕು. ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರಬೇಕು.

‘ನಮ್ಮತ್ತೆ ಏಳೋಳು’ ಅಂದಳು ಅಜ್ಜಿ. ‘ಅಟ್ಟದಿಂದ ಒಂದು ಬಿತ್ತಂತೆ. ಒಲೆ ತಾವ್ ಒಂದು. ಮಾರ್ನೆ ದಿನ ಕೊಟ್ಟಿಗೇಲಿ ನಾಕು. ಗಂಟು ಮೂಟೆ ಕಟ್ಕಂಡು ಎದ್ರಂತೆ.’

‘ಊರಿಗೂರೇ ಎದ್ದು ಬಂದ್ರಾ?’

‘ಎದ್ದೇಳಕ್ ಆಗೋರು ಬಂದ್ರು.’

ಅವರೆಕಾಳಿನಲ್ಲಿ ಒಂದು ಹುಳುಕು ಕಾಳು ಎತ್ತಿ ಬಿಸಾಕಿದಳು.

‘ಆಗ್ದೇ ಇರೋರು?’

‘ಅಲ್ಲೇ ಉಳ್ಕಂಡ್ರು. ಇನ್ನೇನ್ ಮಾಡಾರು ಮಗ, ಎತ್ಕಂಡ್ ಬಂದ್ರೆ ಎಲ್ಲಾರ್ಗೂ ಬತ್ತದೆ ಅಂತ. ನಮ್ಮತ್ತೆಗೆ ಸೋದರತ್ತೆ ಆಗ್ಬೇಕು, ಒಬ್ಳು, ಗಂಡ ಇಲ್ದೋಳು. ನಾನಿರ್ತೀನಿ ಇವ್ರ ಜತೆ, ನೀವ್ ನಡೀರಿ ಅಂದ್ಲಂತೆ. ಇಲ್ಲಿಂದ ದಿನಾ ಗಂಜಿ ತಕಂಡೋಗಿ ಹಳೇ ಊರ್ ಬೇಲಿ ತಾವ್ ಮಡಗಿ ಬರೋರು. ಅವ್ಳು ಬಂದು ಎತ್ಕಂಡ್ ಓಗೋಳು. ಒಂದಿನ ಓಗಿ ನೋಡುದ್ರೆ ಇಂದಿನ್ ದಿನದ್ ಗಂಜಿ ಅಂಗೇ ಇತ್ತಂತೆ.’

ರಾತ್ರಿ ರಸ್ತೆ ಮಧ್ಯೆ ಇಟ್ಟ ಬಿಂದಿಗೆ ಕಣ್ಣಮುಂದೆ ಬಂತು. ‘ಅವಳ ಹೆಸರೇನಜ್ಜಿ?’ ಅಂದೆ.

ಅಜ್ಜಿ ತುಂಬಾ ಹೊತ್ತು ಯೋಚನೆ ಮಾಡಿದಳು. ‘ನಮ್ಮತ್ತೆ ಏಳಿದ್ಲು. ಮರ್ತೋಯ್ತು ಕನ್ ಮಗ.’ ಆಮೇಲೆ ಮರದ ಕಡೆ ನೋಡಿಕೊಂಡು, ‘ಅಕ್ಕಿಗಳು ಇಂದಿಂದೆ ಬಂದ್ವಲ್ಲ, ಅದ ಎಲ್ಲಾರೂ ಏಳ್ತಾರೆ. ಬಾಯ್ಗೆ ಚಂದಾಗದೆ’ ಅಂದಳು.

ಮನೆಗೆ ಬಂದು ಕಾಮೂನನ್ನು ಮತ್ತೆ ಮೊದಲಿಂದ ಓದಿದೆ. ಈ ಸಲ ಪ್ರೆಸೆಂಟೇಶನ್ ಮಾಡೋದಿರಲಿಲ್ಲ.

ಮೊದಲ ಓದಿಗೆ ನಾನು ಡಾಕ್ಟರ್ ರಿಯೂ ಆಗಿದ್ದೆ. ಓದುಗರೆಲ್ಲ ಹಾಗೇ ಇರಬೇಕು, ಒಳ್ಳೆಯವನ ಕುರ್ಚಿಯಲ್ಲೇ ಹೋಗಿ ಕೂರುತ್ತೇವೆ. ಎರಡನೇ ಓದಿಗೆ ಗೊತ್ತಾಗಿದ್ದು, ಬೇಲಿ ಹಾಕೋದನ್ನು ಕಾದಂಬರಿ ತಪ್ಪು ಅನ್ನೋದಿಲ್ಲ. ರಿಯೂ ತಾನೇ ಜನರನ್ನು ಮನೆಯಿಂದ ಬೇರೆ ಮಾಡುತ್ತಾನೆ. ಅವನು ಬಾಗಿಲಿಗೆ ಬಂದರೆ ತಾಯಂದಿರು ಕಿರುಚಿಕೊಳ್ಳುತ್ತಾರೆ, ಯಾಕೆಂದರೆ ಅವನು ‘ಪ್ಲೇಗ್’ ಅಂದ ತಕ್ಷಣ ಮಗುವನ್ನು ಗಾಡಿಯಲ್ಲಿ ಹಾಕಿಕೊಂಡು ಹೋಗುತ್ತಾರೆ. ನ್ಯಾಯಾಧೀಶನನ್ನೂ ಕ್ಯಾಂಪಿನಲ್ಲಿ ಇಡುತ್ತಾರೆ. ಹಾಗಾಗಿ ಮುಂಬೈನಿಂದ ಬಂದವರು ಹದಿನಾಲ್ಕು ದಿನ ಬೇರೆ ಇರಬೇಕಿತ್ತು ಅನ್ನೋದರಲ್ಲಿ ನನಗೆ ಇವತ್ತಿಗೂ ಅನುಮಾನ ಇಲ್ಲ. ವ್ಯತ್ಯಾಸ ಇರೋದು ಬೇರೆ ಕಡೆ. ರಿಯೂ ಬೇಲಿಯ ರೋಗಿಗಳ ಕಡೆಗೇ ಇರುತ್ತಾನೆ. ಬೇರೆ ಮಾಡಿದ ಮೇಲೆ ಅವರ ಹಾಸಿಗೆ ಪಕ್ಕಕ್ಕೆ ಹೋಗಿ ನಿಲ್ಲುತ್ತಾನೆ. ಕಾಯಿಲೆಯ ಹೆಂಡತಿಯನ್ನು ದೂರದ ಊರಿಗೆ ಕಳಿಸಿದ್ದಾನೆ, ಅವಳು ಅಲ್ಲಿ ಸಾಯುತ್ತಾಳೆ, ಇವನಿಗೆ ತಂತಿ ಬರುತ್ತದೆ. ಅವನು ಮಾಡಿದ ಯಾವ ನಿಯಮದಿಂದಲೂ ಅವನಿಗೆ ವಿನಾಯಿತಿ ಇಲ್ಲ. ಅದನ್ನೆಲ್ಲ ದೊಡ್ಡ ತ್ಯಾಗ ಅಂತ ಅವನು ಕರೆಯೋದೂ ಇಲ್ಲ. ಅವನ ಪ್ರಕಾರ ಅದು ತನ್ನ ಕೆಲಸ, ಅಷ್ಟೇ.

ರಾಂಬೇರ್ ಅಂತ ಒಬ್ಬ ಪತ್ರಕರ್ತ ಬರುತ್ತಾನೆ. ಅವನು ಆ ಊರಿನವನೇ ಅಲ್ಲ, ಪ್ಯಾರಿಸಿನಲ್ಲಿ ಪ್ರೀತಿಸಿದ ಹೆಣ್ಣಿದ್ದಾಳೆ. ಕಳ್ಳದಾರಿಯಲ್ಲಿ ಊರಿಂದ ತಪ್ಪಿಸಿಕೊಳ್ಳಲು ಅರ್ಧ ಕಾದಂಬರಿ ಒದ್ದಾಡುತ್ತಾನೆ. ಕೊನೆಗೆ ದಾರಿ ಸಿಕ್ಕ ದಿನ ಹೋಗುವುದಿಲ್ಲ. ತಾನೊಬ್ಬನೇ ಸುಖವಾಗಿರೋದಕ್ಕೆ ನಾಚಿಕೆಯಾಗುತ್ತೆ ಅನ್ನೋ ಅರ್ಥದ ಮಾತಾಡುತ್ತಾನೆ. ನಾನು ಮಾರ್ಚ್ 23ರ ಸಂಜೆ ಕಾರು ಹತ್ತಿದವನು. ನನ್ನ ಪಿಜಿಯಲ್ಲಿ ಅಡುಗೆ ಮಾಡುತ್ತಿದ್ದ ಉತ್ತರ ಕರ್ನಾಟಕದ ಹುಡುಗ ಎಲ್ಲಿಗೆ ಹೋದ ಅಂತ ಆವತ್ತಿನವರೆಗೂ ಯೋಚಿಸಿರಲಿಲ್ಲ.

ಕಾಮೂನ ಮೇಲೂ ಒಂದು ದೂರಿದೆ. ಓರಾನ್ ಅಲ್ಜೀರಿಯಾದ ಊರು. ಅಲ್ಲಿ ಅರಬರಿದ್ದಾರೆ. ರಾಂಬೇರ್ ಬಂದಿದ್ದೇ ಅರಬರ ಬದುಕಿನ ಸ್ಥಿತಿಗತಿ ಬರೆಯಲು. ಆದರೆ ಇಡೀ ಕಾದಂಬರಿಯಲ್ಲಿ ಹೆಸರಿರುವ ಒಬ್ಬ ಅರಬ ಪಾತ್ರ ಇಲ್ಲ. ಅವರೂ ಸತ್ತಿರಬೇಕಲ್ಲ? ವಿಮರ್ಶಕರು ಇದನ್ನು ಬಹಳ ಹಿಂದೆಯೇ ಎತ್ತಿದ್ದಾರೆ. ಮೊದಲು ಓದಿದಾಗ ಅದು ನನಗೆ ಹೊಳೆದಿರಲಿಲ್ಲ. ಅಜ್ಜಿ ‘ಮರ್ತೋಯ್ತು’ ಅಂದ ಮೇಲೆ ಹೊಳೆಯಿತು. ರೋಗದ ಕಥೆ ಬರೆಯೋದು ಉಳಿದವರು. ಯಾರ ಹೆಸರು ಉಳಿಯಬೇಕು ಅನ್ನೋದನ್ನೂ ಉಳಿದವರೇ ನಿರ್ಧಾರ ಮಾಡುತ್ತಾರೆ.

ಆಮೇಲೆ ‘ಸಂಸ್ಕಾರ’ ತೆಗೆದೆ. ಪಿಯುಸಿಯಲ್ಲಿದ್ದಾಗ ಒಂದು ಸಲ ಓದಿದ್ದೆ, ಆಗ ನೆನಪಲ್ಲಿ ಉಳಿದಿದ್ದು ಚಂದ್ರಿ ಮಾತ್ರ, ಯಾಕೆ ಅಂತ ಹೇಳಬೇಕಾಗಿಲ್ಲ. ಅನಂತಮೂರ್ತಿ ಅದನ್ನು ಬರೆದಿದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಓದುತ್ತಿದ್ದಾಗ, ಬರ್ಗ್‌ಮನ್ನನ ‘ಸೆವೆಂತ್ ಸೀಲ್’ ನೋಡಿದ ಮೇಲೆ. ಅದೂ ಪ್ಲೇಗಿನ ಕಾಲದ ಸಿನಿಮಾ. 1965ರಲ್ಲಿ ಪುಸ್ತಕ ಬಂತು. ನಾವು ಅದನ್ನು ಜಾತಿಯ ಕಾದಂಬರಿ, ಕಾಮದ ಕಾದಂಬರಿ ಅಂತ ಓದುತ್ತೇವೆ. ಅದು ಪ್ಲೇಗಿನ ಕಾದಂಬರಿಯೂ ಹೌದು. ನಾರಣಪ್ಪ ಶಿವಮೊಗ್ಗದಿಂದ ಜ್ವರ ಹೊತ್ತು ಬಂದು ಸಾಯುತ್ತಾನೆ. ಅಗ್ರಹಾರದವರಿಗೆ ಕಾಣುವ ಪ್ರಶ್ನೆ ಒಂದೇ: ಕುಲಗೆಟ್ಟವನ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು? ಪ್ರಾಣೇಶಾಚಾರ್ಯರು ಗ್ರಂಥಗಳನ್ನೆಲ್ಲ ತಿರುವಿಹಾಕುತ್ತಾರೆ, ಮಾರುತಿಯ ಮುಂದೆ ಕೂರುತ್ತಾರೆ. ಉತ್ತರ ಸಿಗೋದಿಲ್ಲ. ಅಷ್ಟರಲ್ಲಿ ಇಲಿ ಬೀಳುತ್ತಿರುತ್ತವೆ, ಮಾಡಿನ ಮೇಲೆ ಹದ್ದು ಕೂರುತ್ತವೆ. ಕೊನೆಗೆ ಹೆಣ ಸುಡಿಸೋದು ಚಂದ್ರಿ, ಒಬ್ಬ ಮುಸಲ್ಮಾನನನ್ನು ಕರೆತಂದು, ರಾತ್ರೋರಾತ್ರಿ, ಯಾರ ಶಾಸ್ತ್ರವನ್ನೂ ಕೇಳದೆ. ಅಗ್ರಹಾರದವರಿಗೆ ಅದು ಗೊತ್ತೂ ಆಗುವುದಿಲ್ಲ. ಅವರು ಇನ್ನೂ ಚರ್ಚೆ ಮಾಡುತ್ತಿರುತ್ತಾರೆ.

ಎರಡು ಪುಸ್ತಕ ಪಕ್ಕಪಕ್ಕ ಇಟ್ಟುಕೊಂಡಾಗ ನಮ್ಮೂರ ಬೇಲಿ ಹತ್ತಿರದ ರಾತ್ರಿ ಸ್ಪಷ್ಟವಾಯಿತು. ನಿಯಮ ಏನು ಹೇಳುತ್ತೆ ಅಂತ ಹದಿನೈದು ಗಂಡಸರು ನಿಂತು ಮಾತಾಡಿದೆವು. ನೀರು ತಂದಿದ್ದು ಒಬ್ಬ ಮುದುಕ. ನಾವು ಅಗ್ರಹಾರದವರು. ನನ್ನ ಶೀಟು ನಮ್ಮ ಗ್ರಂಥ.

ನನಗೆ ಇನ್ನೂ ಹೆಚ್ಚು ಕಾಡಿದ್ದು ಹಕ್ಕಿಗಳ ವಿಷಯ. 2017ರ ಕೊನೆಗೆ, 2018ರ ಶುರುವಿಗೆ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದು ಸತ್ತವು. ಬಲಿತ ಹಕ್ಕಿಗಳು ಮಂಕಾಗಿ, ಮರದಿಂದ ಹಣ್ಣು ಉದುರೋ ಹಾಗೆ ಬೀಳುತ್ತಿದ್ದವು. ಹಕ್ಕಿಜ್ವರ ಅಂತ ಗುಲ್ಲೆದ್ದಿತು. ಹಕ್ಕಿಜ್ವರ ಅಂದರೆ ಸಣ್ಣ ಮಾತಲ್ಲ, ಊರಿನ ಕೋಳಿಯನ್ನೆಲ್ಲ ಕೊಲ್ಲಬೇಕಾಗುತ್ತದೆ, ಮನುಷ್ಯರಿಗೂ ಬರಬಹುದು. ಆಮೇಲೆ ಪರೀಕ್ಷೆ ಮಾಡಿದಾಗ ಹಕ್ಕಿಜ್ವರ ಅಲ್ಲ, ಹೊಟ್ಟೆಯಲ್ಲಿ ಜಂತುಹುಳು ತುಂಬಿಕೊಂಡಿದ್ದವು ಅಂತ ತಿಳಿಯಿತು. ಅದು ತಿಳಿಯುವವರೆಗೆ ಊರವರು ಏನು ಮಾಡಿದರು? ಆ ದಿನಗಳಲ್ಲಿ ನಾನು ಅಲ್ಲಿಗೆ ಹೋಗಿದ್ದೆ. ಯಾರೂ ಪಟಾಕಿ ಹೊಡೆದು ಹಕ್ಕಿ ಓಡಿಸಲಿಲ್ಲ. ಮರ ಕಡಿಯೋಣ ಅನ್ನಲಿಲ್ಲ. ಗೂಡಿನಿಂದ ಬಿದ್ದ ಮರಿಗಳನ್ನು ಸಾಕುವ ಒಂದು ಆವರಣ ಊರಲ್ಲಿದೆ, ಮೈಸೂರಿನ ಪಕ್ಷಿಪ್ರೇಮಿಗಳ ಜೊತೆ ಊರ ಹುಡುಗರೇ ‘ಹೆಜ್ಜಾರ್ಲೆ ಬಳಗ’ ಅಂತ ಕಟ್ಟಿಕೊಂಡು ಎಷ್ಟೋ ವರ್ಷದಿಂದ ಮಾಡಿಕೊಂಡು ಬಂದ ಕೆಲಸ. ಅದರ ಹತ್ತಿರ ಒಬ್ಬ ಹುಡುಗ ಮೂಗಿಗೆ ಟವೆಲ್ ಕಟ್ಟಿಕೊಂಡು ಮರಿಗಳಿಗೆ ಮೀನು ಎಸೆಯುತ್ತಿದ್ದ. ‘ಭಯ ಆಗಲ್ವಾ?’ ಅಂತ ಕೇಳಿದ್ದೆ. ‘ಆಯ್ತದೆ. ಅಂಗಂತ ಇವುಕ್ಕೆ ಊಟ ಬ್ಯಾಡ್ವಾ?’ ಅಂದಿದ್ದ.

ಅವನು ರಿಯೂ. ಕಾಮೂನನ್ನು ಓದಿರುವ ಸಾಧ್ಯತೆ ಕಡಿಮೆ.

ಈ ಹೋಲಿಕೆಯನ್ನು ಬಹಳ ಎಳೆಯಬಾರದು ಅಂತ ನನಗೂ ಗೊತ್ತು. ಹಕ್ಕಿಗಳನ್ನು ಕಾಪಾಡುವ ಅದೇ ಸೀಮೆಯ ಜನ ನಾವೂ. ಭಯ ಬಂದಾಗ ಎಲ್ಲ ಊರೂ ಬೇಲಿ ಹಾಕಿದವು, ಅಪಾರ್ಟ್‌ಮೆಂಟುಗಳು ಕೆಲಸದ ಹೆಂಗಸರನ್ನು ಗೇಟಿನಲ್ಲಿ ನಿಲ್ಲಿಸಿದವು. ನಮ್ಮೂರು ಅದಕ್ಕಿಂತ ಕೆಟ್ಟದ್ದೇನೂ ಮಾಡಲಿಲ್ಲ. ನನ್ನ ತಕರಾರು ನನ್ನ ಜೊತೆ ಮಾತ್ರ. ಕಾಮೂನ ತಾರೂ ಅನ್ನೋ ಪಾತ್ರ, ಪ್ಲೇಗು ಪ್ರತಿಯೊಬ್ಬನ ಒಳಗೂ ಇದೆ ಅಂತ ನಂಬಿದವನು. ತನ್ನಿಂದ ಇನ್ನೊಬ್ಬರಿಗೆ ಅದು ತಗಲದ ಹಾಗೆ ದಿನವೂ ಎಚ್ಚರ ಇರಬೇಕು ಅನ್ನೋದು ಅವನ ಧರ್ಮ. ನನಗೆ ಗಂಟಲು ಕೆರೆದಿದ್ದು ಕೊರೊನಾ ಇರಲಿಕ್ಕಿಲ್ಲ. ಆದರೆ ಇನ್ನೊಬ್ಬರ ಜ್ವರವನ್ನು ಕಾಲಂ ಮಾಡಿ, ನನ್ನದನ್ನು ಡೋಲೋ ನುಂಗಿ ಮುಚ್ಚಿಟ್ಟೆನಲ್ಲ, ಆ ಕಾಯಿಲೆ ಇತ್ತು.

ಕ್ವಾರಂಟೈನಿನಲ್ಲಿ ಮೂವರಿಗೂ ನೆಗೆಟಿವ್ ಬಂತು. ಹದಿನಾಲ್ಕು ದಿನ ಮುಗಿಸಿ ಊರೊಳಗೆ ಬಂದರು. ಮುಂಬೈಗೆ ವಾಪಸ್ ಹೋಗಲಿಲ್ಲ. ಗಂಡ ಮದ್ದೂರಿನಲ್ಲಿ ಕೆಲಸ ಹಿಡಿದ, ಅವಳು ಮನೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡಳು. ಎಷ್ಟೋ ಸಲ ಅವಳ ಮನೆ ಮುಂದೆ ಹೋಗಿದ್ದೇನೆ. ಕ್ಷಮೆ ಕೇಳಬೇಕು ಅಂತ ಎರಡು ಸಲ ನಿಂತಿದ್ದೇನೆ. ಊರಿನಲ್ಲಿ ಹಾಗೆಲ್ಲ ಸಾರಿ ಅನ್ನೋ ಪದ್ಧತಿ ಇಲ್ಲ, ಏನಂತ ಶುರು ಮಾಡೋದು ಅಂತ ಗೊತ್ತಾಗದೆ ನಡೆದುಬಿಟ್ಟಿದ್ದೇನೆ. ಅಜ್ಜಿ ಈಗಿಲ್ಲ. ಹಳೇ ಊರಿನಲ್ಲಿ ಉಳಿದ ಆ ಹೆಂಗಸಿನ ಹೆಸರನ್ನು ಅವ್ವನಿಗೂ ಕೇಳಿದೆ, ಸೋದರಮಾವನಿಗೂ ಕೇಳಿದೆ. ಯಾರಿಗೂ ಗೊತ್ತಿಲ್ಲ.

ಕಳೆದ ಮಾರಿಹಬ್ಬಕ್ಕೆ ಊರಿಗೆ ಹೋದಾಗ ತಂಬಿಟ್ಟಿನ ಆರತಿ ಹೊತ್ತು ಹೆಂಗಸರು ಬರುತ್ತಿದ್ದರು. ಅವಳೂ ಇದ್ದಳು, ಪಕ್ಕದಲ್ಲಿ ಮಗಳು, ಈಗ ಸ್ಕೂಲಿಗೆ ಹೋಗೋಷ್ಟು ದೊಡ್ಡವಳು. ನನ್ನನ್ನು ನೋಡಿದಳು. ‘ಯಾವಾಗ್ ಬಂದ್ಯಣ್ಣ?’ ಅಂದಳು.

ಊರಿನಲ್ಲಿ ಎಲ್ಲರೂ ಎಲ್ಲರಿಗೂ ಕೇಳೋ ಮಾತು ಇದು. ಉತ್ತರ ಬೇಕು ಅಂತ ಕೇಳೋದಲ್ಲ, ಬಂದೆಯಲ್ಲ ಅಂತ ಕೇಳೋದು. ಅದನ್ನು ನಾನು ಒಂದು ಕಾಲಂ ಮಾಡಿದ್ದೆ, ನಾಲ್ಕನೇ ಕಾಲಂ. ‘ನೆನ್ನೆ ಸಂಜೆ ಕನವ್ವ’ ಅಂದೆ. ಅವಳು ತಲೆಯಾಡಿಸಿ ಮುಂದೆ ಹೋದಳು. ಮನಸ್ಸಿನಲ್ಲಿ ಏನಿತ್ತೋ, ಏನೂ ಇರಲಿಲ್ಲವೋ.

ಆ ರಾತ್ರಿ ತಾರಸಿಗೆ ಹೋಗಿ ಶೀಟ್ ತೆರೆದೆ. ಎಲ್ಲಕ್ಕಿಂತ ಮೇಲೆ ಒಂದು ಹೊಸ ಸಾಲು ಸೇರಿಸಿದೆ. ನನ್ನ ಹೆಸರು. ಬೆಂಗಳೂರು. ಮಾರ್ಚ್ 23. ಹಳದಿ ಬಣ್ಣ. ಜ್ವರದ ಕಾಲಂನಲ್ಲಿ ‘ಸ್ವಲ್ಪ ಇತ್ತು’ ಅಂತ ಬರೆದೆ. ಷರಾದಲ್ಲಿ ಏನು ಬರೆಯಬೇಕೋ ಇನ್ನೂ ಗೊತ್ತಾಗಿಲ್ಲ, ಖಾಲಿ ಬಿಟ್ಟಿದ್ದೇನೆ.